ಗುಣವಾದ ಟಿಬಿ, ನಿಲ್ಲದ ಕಫ: ಒಂದು ಸ್ಯೂಡೊಮೊನಾಸ್ ಪ್ರಕರಣ

ಕೊಪ್ಪಳ ಜಿಲ್ಲೆಯ ಅಕ್ಕಿ ಗಿರಣಿಯೊಂದರಲ್ಲಿ ಹಮಾಲಿ ಮಾಡುವ 56 ವರ್ಷದ ಗಂಡಸು. ಎತ್ತರ 158 ಸೆಂ.ಮೀ., ತೂಕ 44 ಕೆ.ಜಿ. ದಿನಕ್ಕೆ ಹತ್ತು ಬೀಡಿ. ಆರು ದಿನದಿಂದ ಕಫ ಇಮ್ಮಡಿಯಾಗಿದೆ, ಹಳದಿಯಿದ್ದದ್ದು ಹಸಿರಾಗಿದೆ, ಅಂಟಂಟಾಗಿದೆ. ಎರಡು ಸಲ ರಕ್ತದ ಗೆರೆ ಕಂಡಿದೆ. ಜ್ವರ 100.8, ನಾಡಿ 108, ಉಸಿರು ನಿಮಿಷಕ್ಕೆ 26, ಆಕ್ಸಿಮೀಟರಿನಲ್ಲಿ 89. ಜೊತೆಗೆ ತಂದ ಪ್ಲಾಸ್ಟಿಕ್ ಕವರಿನಲ್ಲಿ ಹಳೆಯ ಚೀಟಿಗಳು, ಎರಡು ಪಂಪು, ಪಟ್ಟಿಯಿಂದ ಕತ್ತರಿಸಿದ ಬಿಡಿ ಮಾತ್ರೆಗಳು. ಆ ಬಿಡಿ ಮಾತ್ರೆಗಳನ್ನು ಅಂದು ಯಾರೂ ಸರಿಯಾಗಿ ನೋಡಲಿಲ್ಲ. ಅದರ ಫಲ ಮುಂದೆ ಬರುತ್ತದೆ.

ಇದು ಯಾವುದೋ ಒಬ್ಬ ರೋಗಿಯ ಕಡತದ ನಕಲಲ್ಲ. ಎದೆರೋಗ ವಿಭಾಗಗಳಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಒಂದೆಡೆ ಸೇರಿಸಿ, ಯಾರ ಗುರುತೂ ಸಿಗದಂತೆ ಕಟ್ಟಿದ ಪ್ರಕರಣ. ಅಂಕಿಗಳು ಉದಾಹರಣೆಯವು, ಔಷಧದ ಪ್ರಮಾಣ ಮತ್ತು ತೀರ್ಮಾನದ ತರ್ಕ ಮಾತ್ರ ನಿಜವಾಗಿ ಬಳಕೆಯಲ್ಲಿರುವಂಥವು.

ಹಿಂದಿನ ಕಥೆ

2008ರಲ್ಲಿ ಟಿಬಿ. ಕಫದಲ್ಲಿ ರೋಗಾಣು ಕಂಡಿತ್ತು, ಆರು ತಿಂಗಳು ವಾರಕ್ಕೆ ಮೂರು ದಿನದ ಡಾಟ್ಸ್ ಮಾತ್ರೆ ಮುಗಿಸಿದರು, ಕೊನೆಯ ಪರೀಕ್ಷೆಯಲ್ಲಿ ರೋಗಾಣು ಇರಲಿಲ್ಲ. ಗುಣವಾದರು. ಆದರೆ ಬಲ ಮೇಲ್ಭಾಗದ ಶ್ವಾಸಕೋಶ ಕುಗ್ಗಿ ಗಾಯದ ಕಲೆಯಾಗಿ ಉಳಿಯಿತು, ಎಡ ಕೆಳಭಾಗದ ಗಾಳಿಕೊಳವೆಗಳು ಹಿಗ್ಗಿಹೋದವು. ಎರಡು ಮೂರು ವರ್ಷ ಕಳೆದ ಮೇಲೆ ದಿನಾ ಬೆಳಿಗ್ಗೆ ಅರ್ಧ ಲೋಟ ಕಫ ಶುರುವಾಯಿತು.

2014ರಲ್ಲಿ ಕೆಮ್ಮು ಜಾಸ್ತಿಯಾದಾಗ ಎಕ್ಸ್‌ರೇ ತೆಗೆದರು. ಹಳೆಯ ಕಲೆ ಕಂಡಿತು. ಕಫದಲ್ಲಿ ಟಿಬಿ ರೋಗಾಣು ಇಲ್ಲದಿದ್ದರೂ ‘ಮರುಕಳಿಸಿದ ಟಿಬಿ’ ಎಂದು ಎಂಟು ತಿಂಗಳ ಎರಡನೇ ವರ್ಗದ ಚಿಕಿತ್ಸೆ ಕೊಟ್ಟರು. ಮೊದಲ ಎರಡು ತಿಂಗಳು ವಾರಕ್ಕೆ ಮೂರರಂತೆ ಸ್ಟ್ರೆಪ್ಟೊಮೈಸಿನ್ ಚುಚ್ಚುಮದ್ದು. ಅಲ್ಲಿಂದ ಕಿವಿಯಲ್ಲಿ ಗುಂಯ್ ಎನ್ನುವ ಸದ್ದು ಉಳಿದುಕೊಂಡಿತು. ದಮ್ಮು ಹೆಚ್ಚಿದಾಗ ‘ಸಿಒಪಿಡಿ’ (ಗಾಳಿಕೊಳವೆಗಳು ಕಿರಿದಾಗಿ ದಮ್ಮು ಹತ್ತುವ ದೀರ್ಘಕಾಲದ ರೋಗ) ಎಂಬ ಹಣೆಪಟ್ಟಿ ಬಂತು. ದಿನಕ್ಕೆ ಎರಡು ಸಲ ಫ್ಲುಟಿಕಸೋನ್ ಎಂಬ ಸ್ಟೀರಾಯ್ಡ್ 500 ಮೈಕ್ರೋಗ್ರಾಂ ಇರುವ ಪಂಪು, ರಾತ್ರಿ ದಮ್ಮಿಗೆ ಥಿಯೋಫಿಲಿನ್ 400 ಮಿ.ಗ್ರಾಂ ಗುಳಿಗೆ.

ಕಳೆದ ಒಂದು ವರ್ಷದಲ್ಲಿ ನಾಲ್ಕು ಸಲ ರೋಗ ಉಲ್ಬಣ, ಪ್ರತಿ ಸಲ ಬೇರೆ ಆಂಟಿಬಯೋಟಿಕ್. ಒಮ್ಮೆ ಅಜಿಥ್ರೊಮೈಸಿನ್ ಮೂರು ದಿನ, ಒಮ್ಮೆ ಸೆಫಿಕ್ಸಿಮ್, ಒಮ್ಮೆ ಅಮಾಕ್ಸಿಕ್ಲಾವ್, ಕೊನೆಯ ಸಲ ಐದು ದಿನ ವಾರ್ಡಿನಲ್ಲಿ ಮಲಗಿಸಿ ಸೆಫ್ಟ್ರಿಯಾಕ್ಸೋನ್. ಎಲ್ಲದರ ಜೊತೆ ಪ್ರೆಡ್ನಿಸೊಲೋನ್ ಎಂಬ ಸ್ಟೀರಾಯ್ಡ್. ಪ್ರತಿ ಸಲವೂ ಅರ್ಧ ಗುಣ, ಹತ್ತು ದಿನಕ್ಕೆ ಮತ್ತೆ ಮೊದಲಿನಂತೆ. ಈ ನಾಲ್ಕು ಸಲದಲ್ಲಿ ಒಂದು ಸಲವೂ ಕಫವನ್ನು ಕಲ್ಚರ್‌ಗೆ (ಬ್ಯಾಕ್ಟೀರಿಯಾ ಬೆಳೆಸಿ ಯಾವುದೆಂದು ನೋಡುವ ಪರೀಕ್ಷೆಗೆ) ಕಳಿಸಿರಲಿಲ್ಲ. ಟಿಬಿಗಾಗಿ ಮೂರು ಸಲ ನೋಡಿದ್ದರು. ನಮ್ಮಲ್ಲಿ ಕಫದ ಡಬ್ಬಿ ಎಂದರೆ ಟಿಬಿ ಪರೀಕ್ಷೆ ಎಂದೇ ಆಗಿಬಿಟ್ಟಿದೆ. ಟಿಬಿ ಇಲ್ಲ ಎಂದು ಬಂದರೆ ಹುಡುಕಾಟ ಅಲ್ಲಿಗೆ ಮುಗಿಯಿತು.

ಹಣೆಪಟ್ಟಿ ತಪ್ಪಿದ್ದರಿಂದ ಆದದ್ದೇನು

ಉಸಿರಿನ ಬಲ ಅಳೆಯುವ ಸ್ಪೈರೊಮೆಟ್ರಿಯಲ್ಲಿ ಮೊದಲ ಸೆಕೆಂಡಿನಲ್ಲಿ ಊದಿದ ಗಾಳಿ ಅಥವಾ ಎಫ್‌ಇವಿ1 1.12 ಲೀಟರ್, ಅಂದರೆ ಇರಬೇಕಾದುದರ ಶೇ. 43, ಪೂರ್ತಿ ಊದಿದ ಗಾಳಿ ಅಥವಾ ಎಫ್‌ವಿಸಿ 1.90 ಲೀಟರ್, ಎರಡರ ಅನುಪಾತ 0.59. ಅನುಪಾತ 0.7ಕ್ಕಿಂತ ಕಡಿಮೆ ಇರುವುದರಿಂದ ಸಿಒಪಿಡಿ ಎಂದು ಬರೆಯುವುದು ಸುಲಭ. ಎದೆಗೆ ಸ್ಟೆತಸ್ಕೋಪ್ ಇಟ್ಟವರಿಗೆ ಎಡ ಕೆಳಗೆ ಗೊರಗೊರ ಸದ್ದು ಕೇಳುತ್ತದೆ, ಬೆರಳ ತುದಿಗಳು ಉಬ್ಬಿವೆ, ದಿನದ ಕಫ 60-70 ಮಿ.ಲೀ. ಬರಿಯ ಸಿಒಪಿಡಿಯಲ್ಲಿ ಬೆರಳು ಹೀಗೆ ಉಬ್ಬುವುದಿಲ್ಲ, ದಿನಾ ಇಷ್ಟೊಂದು ಕೀವುಗಫ ಬರುವುದೂ ಅಪರೂಪ. ಎಚ್‌ಆರ್‌ಸಿಟಿ (ಶ್ವಾಸಕೋಶದ ಸೂಕ್ಷ್ಮ ಸಿಟಿ ಸ್ಕ್ಯಾನ್) ತೆಗೆಸಿದಾಗ ಚಿತ್ರ ಸ್ಪಷ್ಟವಾಯಿತು: ಗಾಳಿಕೊಳವೆಯ ಅಗಲ ಪಕ್ಕದ ರಕ್ತನಾಳಕ್ಕಿಂತ ಹೆಚ್ಚು, ತುದಿಗೆ ಹೋದಂತೆ ಕಿರಿದಾಗಬೇಕಾದ ಕೊಳವೆ ಕಿರಿದಾಗಿಲ್ಲ, ಎಡ ಕೆಳಹಾಲೆಯಲ್ಲಿ ದ್ರಾಕ್ಷಿ ಗೊಂಚಲಿನಂಥ ಚೀಲಗಳು, ಕೆಲವುಗಳ ತಳದಲ್ಲಿ ದ್ರವ. ಇದು ಬ್ರಾಂಕಿಯೆಕ್ಟಾಸಿಸ್, ಅಂದರೆ ಗಾಳಿಕೊಳವೆಗಳು ಕಾಯಂ ಹಿಗ್ಗಿಹೋಗುವ ರೋಗ, ಟಿಬಿ ಬಿಟ್ಟುಹೋದದ್ದು.

ಭಾರತದಲ್ಲಿ ಇದು ಅಪರೂಪದ ವಿಷಯವಲ್ಲ. 2019ರಲ್ಲಿ ಪ್ರಕಟವಾದ ಎಂಬಾರ್ಕ್-ಇಂಡಿಯಾ ನೋಂದಣಿಯ 2,195 ಬ್ರಾಂಕಿಯೆಕ್ಟಾಸಿಸ್ ರೋಗಿಗಳಲ್ಲಿ ಶೇ. 35.5 ಮಂದಿಗೆ ಹಿಂದಿನ ಟಿಬಿಯೇ ಕಾರಣ. ಅವರ ಕಫದಲ್ಲಿ ಅತಿ ಹೆಚ್ಚು ಸಿಕ್ಕ ಬ್ಯಾಕ್ಟೀರಿಯಾ ಸ್ಯೂಡೊಮೊನಾಸ್ ಏರುಜಿನೋಸ, ಶೇ. 13.7 ಮಂದಿಯಲ್ಲಿ.

ಹಣೆಪಟ್ಟಿ ಬದಲಾದರೆ ಚಿಕಿತ್ಸೆಯೂ ಬದಲಾಗುತ್ತದೆ. ಸಿಒಪಿಡಿ ಉಲ್ಬಣಕ್ಕೆ ಬ್ಯಾಕ್ಟೀರಿಯಾ ಕಾರಣವಾಗಿದ್ದರೆ ಅದು ಸಾಮಾನ್ಯವಾಗಿ ಹೀಮೊಫಿಲಸ್, ಮೊರಾಕ್ಸೆಲ್ಲ ಅಥವಾ ನ್ಯುಮೊಕಾಕಸ್. ಐದರಿಂದ ಏಳು ದಿನ ಅಮಾಕ್ಸಿಕ್ಲಾವ್ ಅಥವಾ ಡಾಕ್ಸಿಸೈಕ್ಲಿನ್, ಐದು ದಿನ ಪ್ರೆಡ್ನಿಸೊಲೋನ್ 40 ಮಿ.ಗ್ರಾಂ ಸಾಕು. ಬ್ರಾಂಕಿಯೆಕ್ಟಾಸಿಸ್‌ನಲ್ಲಿ ಆಂಟಿಬಯೋಟಿಕ್ 14 ದಿನ, ಅದೂ ಕಲ್ಚರ್ ನೋಡಿ. ಸ್ಟೀರಾಯ್ಡ್‌ಗೆ ಅಲ್ಲಿ ಕೆಲಸವಿಲ್ಲ, ಆಸ್ತಮಾದಂಥ ಬೇರೆ ಕಾರಣ ಜೊತೆಗಿದ್ದರೆ ಮಾತ್ರ. ಪ್ರೆಡ್ನಿಸೊಲೋನ್ ತಿಂದಾಗ ಹಸಿವು ಹೆಚ್ಚಿ, ದಮ್ಮು ತುಸು ಇಳಿದು, ರೋಗಿಗೆ ‘ಔಷಧ ಹಿಡಿಯಿತು’ ಅನ್ನಿಸುತ್ತದೆ. ಹಿಂದಿನ ನಾಲ್ಕು ಸಲದ ಅರ್ಧ ಗುಣದ ಗುಟ್ಟು ಬಹುಪಾಲು ಅದೇ.

ಕಫ ಸಂಗ್ರಹ: ಅಗ್ಗದ ಪರೀಕ್ಷೆ, ಸುಲಭವಾಗಿ ಕೆಡುವ ಪರೀಕ್ಷೆ

ಮೊದಲ ಡೋಸ್ ಆಂಟಿಬಯೋಟಿಕ್‌ಗೆ ಮುಂಚೆ ಕಫ ತೆಗೆಯಬೇಕು. ಬಾಯಿ ನೀರಿನಲ್ಲಿ ಮುಕ್ಕಳಿಸಿ, ಎರಡು ಮೂರು ಆಳ ಉಸಿರು ಎಳೆದು, ಎದೆಯಾಳದಿಂದ ಕೆಮ್ಮಿ ತೆಗೆದದ್ದು. ಉಗುಳು ಬೇಡ. ಎರಡು ಗಂಟೆಯೊಳಗೆ ಲ್ಯಾಬ್ ತಲುಪಬೇಕು. ಆಗದಿದ್ದರೆ ಫ್ರಿಜ್‌ನಲ್ಲಿ 4 ಡಿಗ್ರಿಯಲ್ಲಿಟ್ಟು 24 ಗಂಟೆಯೊಳಗೆ. ಮಧ್ಯಾಹ್ನದ ಬಿಸಿಲಲ್ಲಿ ಕಿಟಕಿಯ ಮೇಲೆ ಕೂತ ಡಬ್ಬಿಯಲ್ಲಿ ಬಾಯಿಯ ಬ್ಯಾಕ್ಟೀರಿಯಾಗಳು ಬೆಳೆದು, ಹೀಮೊಫಿಲಸ್‌ನಂಥ ನಾಜೂಕಿನವು ಸತ್ತುಹೋಗುತ್ತವೆ. ಲ್ಯಾಬಿನವರು ಸೂಕ್ಷ್ಮದರ್ಶಕದ ಕಡಿಮೆ ವರ್ಧನೆಯಲ್ಲಿ ಮೊದಲು ನೋಡುವುದು ಗುಣಮಟ್ಟ: ಬಾಯಿಯ ಚರ್ಮಕೋಶ ಹತ್ತಕ್ಕಿಂತ ಕಡಿಮೆ, ಕೀವಿನ ಕೋಶ 25ಕ್ಕಿಂತ ಹೆಚ್ಚು ಇರಬೇಕು. ಇಲ್ಲದಿದ್ದರೆ ಅದು ಉಗುಳು, ಮತ್ತೆ ಕಫ ತರಿಸಬೇಕು. ‘ಮಿಶ್ರ ಬೆಳವಣಿಗೆ, ಸಾಮಾನ್ಯ ಬಾಯಿಯ ಜೀವಾಣು’ ಎಂದು ಬಂದ ರಿಪೋರ್ಟನ್ನು ನಂಬುವ ಮೊದಲು ಈ ಸಾಲು ಓದಬೇಕು.

ಇವರ ಮಾದರಿಯಲ್ಲಿ ಕೀವಿನ ಕೋಶ ತುಂಬಿತ್ತು. ಗ್ರಾಂ ಬಣ್ಣ ಹಾಕಿ ನೋಡಿದಾಗ, ಸ್ಯೂಡೊಮೊನಾಸ್ ಸೇರುವ ಗುಂಪಾದ ಗ್ರಾಂ-ನೆಗೆಟಿವ್ ದಂಡಾಣುಗಳು ಆ ದಿನ ಸಂಜೆಗೇ ಕಂಡವು. ಮೂರನೇ ದಿನ ಕಲ್ಚರ್: ಸ್ಯೂಡೊಮೊನಾಸ್ ಏರುಜಿನೋಸ, ಲೋಳೆಲೋಳೆಯಾದ ಗುಂಪುಗಳು, ದಟ್ಟ ಬೆಳವಣಿಗೆ. ಸೆಫ್ಟಾಜಿಡಿಮ್, ಪಿಪೆರಾಸಿಲಿನ್-ಟಾಜೊಬ್ಯಾಕ್ಟಮ್, ಮೆರೊಪೆನೆಮ್, ಅಮಿಕಾಸಿನ್, ಸಿಪ್ರೊಫ್ಲಾಕ್ಸಸಿನ್ ಎಲ್ಲಕ್ಕೂ ಮಣಿಯುತ್ತದೆ.

ಜೊತೆಗೆ ಸಿಬಿನ್ಯಾಟ್ (ಟಿಬಿ ರೋಗಾಣುವಿನ ಡಿಎನ್‌ಎ ಹುಡುಕುವ ಪರೀಕ್ಷೆ) ಮತ್ತು 42 ದಿನದ ದ್ರವ ಕಲ್ಚರ್ ಕಳಿಸಲಾಯಿತು. ಎರಡರಲ್ಲೂ ಟಿಬಿ ಇಲ್ಲ, ಕಲ್ಚರ್‌ನಲ್ಲಿ ಟಿಬಿಯ ದಾಯಾದಿ ಮೈಕೊಬ್ಯಾಕ್ಟೀರಿಯಾಗಳೂ ಇಲ್ಲ. ಇಲ್ಲೊಂದು ಮಾತು. ಹಿಂದೆ ಟಿಬಿ ಆದವರಲ್ಲಿ ಸತ್ತ ರೋಗಾಣುವಿನ ಡಿಎನ್‌ಎ ವರ್ಷಗಟ್ಟಲೆ ಉಳಿದು ಸಿಬಿನ್ಯಾಟ್‌ನಲ್ಲಿ ‘ಅತ್ಯಲ್ಪ’ ಎಂದು ತೋರಿಸಬಹುದು. ಆಗ ಕಲ್ಚರ್ ಬರುವ ಮೊದಲೇ ಮೂರನೇ ಸಲ ಟಿಬಿ ಮಾತ್ರೆ ಶುರು ಮಾಡುವ ಆತುರ ಬೇಡ. ಇದಕ್ಕೆ ತಿರುಗುಮುರುಗಾಗಿ, ಟಿಬಿ ಜಾತಿಯ ರೋಗಾಣುಗಳನ್ನು ತೋರಿಸುವ ಎಎಫ್‌ಬಿ ಬಣ್ಣದಲ್ಲಿ ದಂಡಾಣು ಕಂಡು ಸಿಬಿನ್ಯಾಟ್‌ನಲ್ಲಿ ಟಿಬಿ ಸಿಗದಿದ್ದರೆ ಆ ದಾಯಾದಿಗಳ ನೆನಪಾಗಬೇಕು.

ಆಸ್ಪರ್ಜಿಲಸ್ ಶಿಲೀಂಧ್ರದ ಐಜಿಇ ಮತ್ತು ಐಜಿಜಿ, ಒಟ್ಟು ಐಜಿಇ, ಇಮ್ಯುನೊಗ್ಲಾಬ್ಯುಲಿನ್, ಎಚ್‌ಐವಿ, ಸಕ್ಕರೆ, ಯಾವುದರಲ್ಲೂ ತೊಂದರೆಯಿಲ್ಲ. ಅಲರ್ಜಿ, ಆಸ್ತಮಾಗಳಲ್ಲಿ ಏರುವ ಬಿಳಿಕಣವಾದ ಇಯೊಸಿನೊಫಿಲ್ 90. ಬಿಳಿಕಣ 14,800, ಉರಿಯೂತದ ಅಳತೆಯಾದ ಸಿಆರ್‌ಪಿ 86, ಹಿಮೊಗ್ಲೋಬಿನ್ 10.2, ಕ್ರಿಯಾಟಿನಿನ್ 0.9.

2014ರಲ್ಲಿ ಪ್ರಕಟವಾದ ಬ್ರಾಂಕಿಯೆಕ್ಟಾಸಿಸ್ ತೀವ್ರತೆ ಸೂಚ್ಯಂಕದಲ್ಲಿ ಇವರ ಲೆಕ್ಕ: ವಯಸ್ಸು 2, ಬಿಎಂಐ 17.6 ಆದ್ದರಿಂದ 2, ಎಫ್‌ಇವಿ1 2, ಹಿಂದಿನ ಆಸ್ಪತ್ರೆ ವಾಸ 5, ಮೂರು ಅಥವಾ ಹೆಚ್ಚು ಉಲ್ಬಣ 2, ಸ್ಯೂಡೊಮೊನಾಸ್ 3, ಚೀಲಗಳಿರುವ ಸಿಟಿ 1. ಒಟ್ಟು 17. ಒಂಬತ್ತು ಮುಟ್ಟಿದರೇ ತೀವ್ರ. ಸ್ಯೂಡೊಮೊನಾಸ್‌ನ ಮೂರು ಅಂಕ ಒಂದೇ ಕಲ್ಚರ್‌ನ ಆಧಾರದ ಮೇಲೆ ಕೊಡಬೇಕೋ ಬೇಡವೋ ಎಂದು ವಾದ ಮಾಡಬಹುದು. ತೆಗೆದರೂ 14.

ಈ ಬ್ಯಾಕ್ಟೀರಿಯಾ ಯಾಕೆ ಮೊಂಡು

ಆರೋಗ್ಯವಂತ ಶ್ವಾಸಕೋಶದಲ್ಲಿ ಸ್ಯೂಡೊಮೊನಾಸ್ ನೆಲೆಯೂರುವುದಿಲ್ಲ. ಹಿಗ್ಗಿದ ಕೊಳವೆಯಲ್ಲಿ ಕಫವನ್ನು ಮೇಲಕ್ಕೆ ತಳ್ಳುವ ಸಣ್ಣ ರೋಮಗಳು ಸತ್ತಿರುತ್ತವೆ, ಕಫ ನಿಂತಲ್ಲೇ ನಿಲ್ಲುತ್ತದೆ, ಬ್ಯಾಕ್ಟೀರಿಯಾ ಬೆಳೆಯುತ್ತದೆ, ಅದನ್ನು ಕೊಲ್ಲಲು ಬಂದ ಬಿಳಿಕಣಗಳು ಸುರಿಸುವ ಎಲಾಸ್ಟೇಸ್ ಕಿಣ್ವ ಕೊಳವೆಯ ಗೋಡೆಯನ್ನೇ ತಿನ್ನುತ್ತದೆ, ಕೊಳವೆ ಇನ್ನಷ್ಟು ಹಿಗ್ಗುತ್ತದೆ. ಪೀಟರ್ ಕೋಲ್ 1986ರಲ್ಲಿ ಇದನ್ನೇ ವಿಷವರ್ತುಲ ಎಂದು ವಿವರಿಸಿದ್ದು. ಆ ವರ್ತುಲದಲ್ಲಿ ಸ್ಯೂಡೊಮೊನಾಸ್ ತನ್ನ ಸುತ್ತ ಆಲ್ಜಿನೇಟ್ ಎಂಬ ಲೋಳೆಯ ಹೊದಿಕೆ ಕಟ್ಟಿಕೊಳ್ಳುತ್ತದೆ. ಲ್ಯಾಬಿನ ತಟ್ಟೆಯಲ್ಲಿ ‘ಮಣಿಯುತ್ತದೆ’ ಎಂದು ಬಂದ ಔಷಧ ಈ ಲೋಳೆಯೊಳಗಿನ ಬ್ಯಾಕ್ಟೀರಿಯಾದ ಮೇಲೆ ಅಷ್ಟೇ ಬಿಗಿಯಾಗಿ ಕೆಲಸ ಮಾಡದು.

ಇನ್ನೊಂದು ವಿಷಯ ಸರಳ, ಆದರೂ ಚೀಟಿಗಳಲ್ಲಿ ದಿನಾ ತಪ್ಪುತ್ತದೆ. ಅಮಾಕ್ಸಿಕ್ಲಾವ್, ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್, ಡಾಕ್ಸಿಸೈಕ್ಲಿನ್, ಎರ್ಟಾಪೆನೆಮ್ ಯಾವುವೂ ಸ್ಯೂಡೊಮೊನಾಸ್‌ಗೆ ತಾಗುವುದಿಲ್ಲ. ಸೆಫ್ಟ್ರಿಯಾಕ್ಸೋನ್ ‘ಸ್ಟ್ರಾಂಗ್ ಇಂಜೆಕ್ಷನ್’ ಎಂಬ ಹೆಸರು ಪಡೆದಿದೆ. ಈ ಬ್ಯಾಕ್ಟೀರಿಯಾದ ಮುಂದೆ ಅದು ನೀರು. ಅಜಿಥ್ರೊಮೈಸಿನ್ ಉರಿಯೂತ ತಗ್ಗಿಸಬಲ್ಲದು, ಕೊಲ್ಲಲಾರದು. ಬಾಯಿಯ ಮೂಲಕ ಕೆಲಸ ಮಾಡುವುದು ಸಿಪ್ರೊಫ್ಲಾಕ್ಸಸಿನ್ ಮತ್ತು ಲೆವೊಫ್ಲಾಕ್ಸಸಿನ್ ಮಾತ್ರ. ಅವನ್ನು ಸಣ್ಣ ಜ್ವರ, ಭೇದಿ, ಮೂತ್ರದ ಉರಿಗೆಲ್ಲ ಸುರಿದು ಮುಗಿಸಿದರೆ ಇಂಥ ರೋಗಿಗೆ ಬಾಯಿಯ ಮಾತ್ರೆ ಎಂಬುದೇ ಉಳಿಯುವುದಿಲ್ಲ. ಅಲ್ಲದೆ ಇವು ಟಿಬಿ ರೋಗಾಣುವನ್ನೂ ಅರ್ಧಂಬರ್ಧ ಹೊಡೆದು ಅದರ ಪತ್ತೆಯನ್ನು ತಡಮಾಡುತ್ತವೆ. ಅದಕ್ಕೇ ಟಿಬಿ ಪರೀಕ್ಷೆಯ ಕಫ ಮೊದಲು, ಸಿಪ್ರೊಫ್ಲಾಕ್ಸಸಿನ್ ಆಮೇಲೆ.

ಮೊದಲ ಐದು ದಿನ

ಗ್ರಾಂ-ನೆಗೆಟಿವ್ ದಂಡಾಣು, ಇತ್ತೀಚೆಗೆ ಆಸ್ಪತ್ರೆ ವಾಸ, ಕುಗ್ಗಿದ ಎಫ್‌ಇವಿ1. ಇಷ್ಟಿದ್ದ ಮೇಲೆ ಕಲ್ಚರ್‌ಗೆ ಕಾಯದೆ ಸೆಫ್ಟಾಜಿಡಿಮ್ 2 ಗ್ರಾಂ ಎಂಟು ಗಂಟೆಗೊಮ್ಮೆ ನರಕ್ಕೆ. ಅಮಿಕಾಸಿನ್ ಸೇರಿಸುವ ಸಲಹೆ ಬಂದಿತ್ತು, ಕೈಬಿಡಲಾಯಿತು: ಅದೇ ಜಾತಿಯ ಸ್ಟ್ರೆಪ್ಟೊಮೈಸಿನ್ ಆಗಲೇ ಕಿವಿ ಕೆಡಿಸಿದೆ, ಪ್ರತಿರೋಧದ ಸುಳಿವಿಲ್ಲದಾಗ ಒಂದೇ ಔಷಧ ಸಾಕು.

ಆಮ್ಲಜನಕ 88ರಿಂದ 92ರ ನಡುವೆ ಇರುವಷ್ಟು ಮಾತ್ರ. ರಕ್ತದ ಅನಿಲ ಪರೀಕ್ಷೆಯಲ್ಲಿ ಇಂಗಾಲದ ಡೈಆಕ್ಸೈಡ್ 47 ಇದ್ದವರಿಗೆ 99 ಬರುವವರೆಗೆ ಆಮ್ಲಜನಕ ಬಿಟ್ಟರೆ ಅದು ಇನ್ನೂ ಏರಿ ಮಂಪರು ಕವಿಯುತ್ತದೆ. ಆಮ್ಲಜನಕದ ಪಕ್ಕದ ನೀರಿನ ಬಾಟಲಿಗೆ ನಲ್ಲಿ ನೀರು ತುಂಬುವ ಅಭ್ಯಾಸ ಹಲವು ವಾರ್ಡುಗಳಲ್ಲಿದೆ. ಸ್ಯೂಡೊಮೊನಾಸ್‌ನ ಇಷ್ಟದ ಮನೆಯೇ ಅದು. ಶುದ್ಧೀಕರಿಸಿದ ನೀರು ಹಾಕಿ, ದಿನಾ ಬದಲಿಸಬೇಕು. ತುಂಬಿದ್ದರ ಮೇಲೇ ಸುರಿಯಬಾರದು.

ಕಫವನ್ನು ಅಳತೆಯ ಗೆರೆಯಿದ್ದ ಡಬ್ಬಿಯಲ್ಲಿ 24 ಗಂಟೆ ಸಂಗ್ರಹಿಸಿದರು. ಮೊದಲ ದಿನ 110 ಮಿ.ಲೀ., ಐದನೇ ದಿನ 55. ಮೂರನೇ ದಿನಕ್ಕೆ ಜ್ವರ ಇಳಿಯಿತು. ಕಫದ ಪ್ರಮಾಣ ಮತ್ತು ಬಣ್ಣ ದಿನಾ ಚಾರ್ಟಿನಲ್ಲಿ ಬರೆದರೆ ಚಿಕಿತ್ಸೆ ಹಿಡಿಯುತ್ತಿದೆಯೇ ಎಂಬುದು ಎಕ್ಸ್‌ರೇಗಿಂತ ಬೇಗ ಗೊತ್ತಾಗುತ್ತದೆ. ಎಕ್ಸ್‌ರೇಯಲ್ಲಿ ಹಳೆಯ ಕಲೆಗಳ ನಡುವೆ ಹೊಸದು ಹುಡುಕುವುದೇ ಕಷ್ಟ.

ಫ್ಲುಟಿಕಸೋನ್ ಪಂಪು ನಿಲ್ಲಿಸಿ, ಗಾಳಿಕೊಳವೆ ಸಡಿಲಿಸುವ ಟಯೊಟ್ರೋಪಿಯಂ ಕೊಡಲಾಯಿತು. ಆಸ್ತಮಾ ಇಲ್ಲದ, ಇಯೊಸಿನೊಫಿಲ್ ಕಡಿಮೆಯಿರುವ ಇಂಥವರಿಗೆ ಹೆಚ್ಚು ಪ್ರಮಾಣದ ಸ್ಟೀರಾಯ್ಡ್ ಪಂಪು ನ್ಯುಮೋನಿಯಾದ ಅಪಾಯ ಹೆಚ್ಚಿಸುತ್ತದೆ, ಲಾಭವಿಲ್ಲ.

ಎಂಟನೇ ದಿನ ಕೆಟ್ಟದ್ದು

ಕೂಲಿ ಹೋಗುತ್ತದೆ ಎಂದು ಆರನೇ ದಿನ ಮನೆಗೆ ಹೊರಟರು. ಉಳಿದ ಒಂಬತ್ತು ದಿನಕ್ಕೆ ಸಿಪ್ರೊಫ್ಲಾಕ್ಸಸಿನ್ 750 ಮಿ.ಗ್ರಾಂ ದಿನಕ್ಕೆರಡು ಸಲ. ಕಲ್ಚರ್ ಪ್ರಕಾರ ಸರಿಯಾದ ಔಷಧ, ಸರಿಯಾದ ಪ್ರಮಾಣ. ಸ್ಯೂಡೊಮೊನಾಸ್‌ಗೆ 500 ಕೊಡುವುದು ಇನ್ನೊಂದು ಸಾಮಾನ್ಯ ತಪ್ಪು. ಬಿಡುಗಡೆ ಚೀಟಿಯ ಕೊನೆಯಲ್ಲಿ ‘ಹಳೆಯ ಔಷಧ ಮುಂದುವರಿಸಿ’ ಎಂದು ಒಂದು ಸಾಲು.

ಎಂಟನೇ ದಿನ ರಾತ್ರಿ ವಾಂತಿ, ಕೈ ನಡುಕ, ಎರಡು ರಾತ್ರಿಯಿಂದ ನಿದ್ರೆಯಿಲ್ಲ, ನಾಡಿ 132. ಊರಿನಲ್ಲಿ ‘ಸೋಂಕು ರಕ್ತಕ್ಕೆ ಹೋಗಿದೆ’ ಎಂದು ಹೆದರಿಸಿದರು. ಜ್ವರ ಮಾತ್ರ ಇರಲಿಲ್ಲ, ಕಫ ಇನ್ನೂ ಕಡಿಮೆಯಾಗಿತ್ತು, ಸಿಆರ್‌ಪಿ 22ಕ್ಕೆ ಇಳಿದಿತ್ತು. ಸೋಂಕು ಇಳಿಯುತ್ತಿರುವಾಗ ರೋಗಿ ಕೆಟ್ಟರೆ ಮೊದಲು ಔಷಧದ ಕವರು ಬಿಚ್ಚಬೇಕು. ಬಿಚ್ಚಿದಾಗ ಸಿಕ್ಕಿದ್ದು: ರಾತ್ರಿಯ ಥಿಯೋಫಿಲಿನ್ 400, ಜೊತೆಗೆ ‘ದಮ್ಮಿನ ಬಿಳಿ ಮಾತ್ರೆ’ ದಿನಕ್ಕೆ ಮೂರು, ಪ್ರತಿಯೊಂದರಲ್ಲಿ ಸಾಲ್ಬುಟಮಾಲ್ 2 ಮತ್ತು ಥಿಯೋಫಿಲಿನ್ 100 ಮಿ.ಗ್ರಾಂ. 44 ಕೆ.ಜಿ. ಮೈಗೆ ದಿನಕ್ಕೆ 700 ಮಿ.ಗ್ರಾಂ ಥಿಯೋಫಿಲಿನ್.

ಇಷ್ಟು ದಿನ ಅದು ಯಾಕೆ ಕಾಡಲಿಲ್ಲ? ಬೀಡಿ ಹೊಗೆ ಯಕೃತ್ತಿನ ಒಂದು ಕಿಣ್ವವನ್ನು ಚುರುಕಾಗಿಸಿ ಥಿಯೋಫಿಲಿನ್ ಬೇಗ ಕರಗಿಸುತ್ತಿತ್ತು. ಎಂಟು ದಿನದಿಂದ ಬೀಡಿ ಇಲ್ಲ, ಕಿಣ್ವ ಮಂದವಾಯಿತು. ಅದೇ ಕಿಣ್ವವನ್ನು ಸಿಪ್ರೊಫ್ಲಾಕ್ಸಸಿನ್ ಅದುಮಿ ಹಿಡಿಯುತ್ತದೆ. ವಾರ್ಡಿನಲ್ಲಿ ಬಿಳಿ ಮಾತ್ರೆ ಇರಲಿಲ್ಲ, ಮನೆಗೆ ಹೋದೊಡನೆ ಮತ್ತೆ ಶುರುವಾಯಿತು. ಮೂರೂ ಒಂದೇ ವಾರದಲ್ಲಿ ಕೂಡಿಕೊಂಡವು. ರಕ್ತದಲ್ಲಿ ಥಿಯೋಫಿಲಿನ್ ಮಿ.ಲೀ.ಗೆ 26 ಮೈಕ್ರೋಗ್ರಾಂ. 20 ದಾಟಿದರೆ ವಿಷಲಕ್ಷಣದ ಭಯ, ಇನ್ನೂ ಏರಿದರೆ ಫಿಟ್ಸ್ ಮತ್ತು ಹೃದಯದ ಲಯ ತಪ್ಪುವುದು. ಪೊಟ್ಯಾಸಿಯಂ 3.1. ಪೊಟ್ಯಾಸಿಯಂ ಇಳಿದಾಗ ಸಿಪ್ರೊಫ್ಲಾಕ್ಸಸಿನ್‌ನಿಂದ ಇಸಿಜಿಯ ಕ್ಯೂಟಿ ಎಂಬ ಅವಧಿ ಉದ್ದವಾಗಿ ಹೃದಯದ ಲಯ ತಪ್ಪುವ ಅಪಾಯವೂ ಹೆಚ್ಚು. ಇಸಿಜಿಯಲ್ಲಿ ಕ್ಯೂಟಿಸಿ 446, ಸದ್ಯಕ್ಕೆ ಸರಿ.

ನಿಲ್ಲಿಸಬೇಕಾದದ್ದು ಥಿಯೋಫಿಲಿನ್, ಆಂಟಿಬಯೋಟಿಕ್ ಅಲ್ಲ. ಎರಡೂ ರೂಪದ ಥಿಯೋಫಿಲಿನ್ ನಿಂತವು, ಪೊಟ್ಯಾಸಿಯಂ ಕೊಟ್ಟರು, 24 ಗಂಟೆ ಮಾನಿಟರ್ ಹಾಕಿದರು. ಎರಡು ದಿನಕ್ಕೆ ನಡುಕ ಹೋಯಿತು. ಥಿಯೋಫಿಲಿನ್ ಮತ್ತೆ ಶುರು ಮಾಡಲಿಲ್ಲ. ಅದಿಲ್ಲದೆ ದಮ್ಮು ಹೆಚ್ಚಾಗಲೂ ಇಲ್ಲ.

ಅದೇ ಕವರಿನಲ್ಲಿ ಇನ್ನೊಂದು ಸಿಕ್ಕಿತು: ರಕ್ತ ಕಡಿಮೆ ಎಂದು ಕೊಟ್ಟ ಕಬ್ಬಿಣದ ಮಾತ್ರೆ, ಸಿಪ್ರೊಫ್ಲಾಕ್ಸಸಿನ್ ಜೊತೆಗೇ ಹಾಲಿನಲ್ಲಿ ನುಂಗುತ್ತಿದ್ದರು. ಕಬ್ಬಿಣ, ಕ್ಯಾಲ್ಸಿಯಂ, ಆ್ಯಂಟಾಸಿಡ್, ಹಾಲು ಇವೆಲ್ಲ ಹೊಟ್ಟೆಯಲ್ಲೇ ಸಿಪ್ರೊಫ್ಲಾಕ್ಸಸಿನ್ ಹಿಡಿದುಕೊಂಡು ರಕ್ತಕ್ಕೆ ಬಿಡುವುದಿಲ್ಲ. ಕಬ್ಬಿಣ ಅಥವಾ ಆ್ಯಂಟಾಸಿಡ್ ನುಂಗುವುದಕ್ಕೆ ಎರಡು ಗಂಟೆ ಮೊದಲು, ಇಲ್ಲವೇ ಆರು ಗಂಟೆ ಆದ ಮೇಲೆ ಸಿಪ್ರೊಫ್ಲಾಕ್ಸಸಿನ್ ತೆಗೆದುಕೊಳ್ಳಬೇಕು. ಎರಡು ವಾರ ಕಬ್ಬಿಣವನ್ನೇ ಮುಂದೂಡುವುದು ಸುಲಭ. ಹಿಮ್ಮಡಿಯ ಮೇಲಿನ ಸ್ನಾಯುರಜ್ಜು ನೋಯತೊಡಗಿದರೆ ಔಷಧ ನಿಲ್ಲಿಸಿ ಬರಬೇಕು ಎಂದೂ ಹೇಳಿ ಕಳಿಸಿದರು. ಸ್ಟೀರಾಯ್ಡ್ ತಿಂದವರಲ್ಲಿ ಅದು ಹರಿಯುವ ಅಪಾಯ ಹೆಚ್ಚು.

ಬೇರು ಕೀಳುವ ಪ್ರಯತ್ನ

ಮೊದಲ ಸಲ ಸ್ಯೂಡೊಮೊನಾಸ್ ಸಿಕ್ಕಾಗ ಅದನ್ನು ಪೂರ್ತಿ ಕಿತ್ತುಹಾಕಲು ಒಂದು ಅವಕಾಶವಿದೆ. ಇವರಲ್ಲಿ ಲೋಳೆಯ ರೂಪ ಕಂಡಿದ್ದರಿಂದ ಅದು ವರ್ಷಗಳಿಂದ ಇದ್ದಿರಬಹುದು. ಹಳೆಯ ಕಲ್ಚರ್ ಇಲ್ಲವಾದ್ದರಿಂದ ಹೊಸದೆಂದೇ ಎಣಿಸಿ ಪ್ರಯತ್ನಿಸುವುದು ನ್ಯಾಯ. 14 ದಿನದ ಚಿಕಿತ್ಸೆ ಮುಗಿದ ಮೇಲೆ ಮೂರು ತಿಂಗಳು ಕೊಲಿಸ್ಟಿನ್ ಎಂಬ ಆಂಟಿಬಯೋಟಿಕ್, ಔಷಧವನ್ನು ಮಂಜಾಗಿಸಿ ಉಸಿರಿಗೆ ಕೊಡುವ ನೆಬ್ಯುಲೈಸರ್ ಮೂಲಕ, 10 ಲಕ್ಷ ಯೂನಿಟ್ ದಿನಕ್ಕೆರಡು ಸಲ. ಒಟ್ಟು 180 ಸೀಸೆ. ಖರ್ಚಿನ ಮಾತು ಮೊದಲೇ ಆಡಬೇಕು. ಒಂದು ತಿಂಗಳು ಮಾಡಿ ನಿಲ್ಲಿಸಿದರೆ ದುಡ್ಡೂ ಹೋಯಿತು, ಔಷಧವೂ ಮೊಂಡಾಯಿತು.

ಕೊಲಿಸ್ಟಿನ್ ಲೇಬಲ್ ಗೊಂದಲದ ಗೂಡು. 10 ಲಕ್ಷ ಯೂನಿಟ್ ಎಂದರೆ ಸುಮಾರು 80 ಮಿ.ಗ್ರಾಂ ಕೊಲಿಸ್ಟಿಮೆಥೇಟ್ ಸೋಡಿಯಂ. ಕೊಲಿಸ್ಟಿನ್ ಬೇಸ್ ಲೆಕ್ಕದಲ್ಲಿ ಸುಮಾರು 33 ಮಿ.ಗ್ರಾಂ. ಚೀಟಿಯಲ್ಲಿ ಯೂನಿಟ್ಟಿನಲ್ಲೇ ಬರೆದರೆ ತಪ್ಪು ಕಡಿಮೆ.

ಮೊದಲ ಡೋಸ್ ಆಸ್ಪತ್ರೆಯಲ್ಲೇ ಆಗಬೇಕು. ಅಷ್ಟು ಹೊತ್ತಿಗೆ ಎಫ್‌ಇವಿ1 1.24 ಲೀಟರ್‌ಗೆ ಏರಿತ್ತು. ಕೊಲಿಸ್ಟಿನ್ ಎಳೆದ ಮೇಲೆ 1.02. ಸುಮಾರು ಶೇ. 18 ಇಳಿತ, 15ಕ್ಕಿಂತ ಹೆಚ್ಚು ಇಳಿದರೆ ಹಾಗೇ ಮನೆಗೆ ಕಳಿಸುವಂತಿಲ್ಲ. ಮರುದಿನ ಮೊದಲು ಸಾಲ್ಬುಟಮಾಲ್ 2.5 ಮಿ.ಗ್ರಾಂ ಕೊಟ್ಟು 15 ನಿಮಿಷ ಬಿಟ್ಟು ಕೊಲಿಸ್ಟಿನ್ ಕೊಟ್ಟಾಗ 1.20ರಲ್ಲಿ ನಿಂತಿತು. ಆ ಕ್ರಮವೇ ಕಾಯಂ ಆಯಿತು.

ಪುಡಿ ಕರಗಿಸುವುದು 0.9 ಶೇಕಡಾ ಸಲಾಯಿನ್ 3 ಮಿ.ಲೀ.ನಲ್ಲಿ. ಸೀಸೆ ಕುಲುಕಿದರೆ ನೊರೆಯಾಗಿ ಅರ್ಧ ಔಷಧ ನೊರೆಯಲ್ಲೇ ಉಳಿಯುತ್ತದೆ, ಅಂಗೈಯಲ್ಲಿ ನಿಧಾನ ಉರುಳಿಸಬೇಕು. ಬೆಳಿಗ್ಗೆಯೇ ಎರಡು ಹೊತ್ತಿನದು ಕಲಸಿಡುವುದು ಬೇಡ: ನೀರಿನಲ್ಲಿ ನಿಂತಷ್ಟೂ ಕೊಲಿಸ್ಟಿಮೆಥೇಟ್ ಒಡೆದು ಕೊಲಿಸ್ಟಿನ್ ಆಗುತ್ತದೆ, ಅದು ಶ್ವಾಸಕೋಶಕ್ಕೆ ನಂಜು. ಮೊದಲೇ ಕಲಸಿಟ್ಟ ದ್ರಾವಣ ಬಳಸಿದ ರೋಗಿಯೊಬ್ಬರ ಸಾವಿನ ನಂತರ ಅಮೆರಿಕದ ಎಫ್‌ಡಿಎ 2007ರಲ್ಲಿ ಇದರ ಬಗ್ಗೆ ಎಚ್ಚರಿಸಿತ್ತು. ಮಾಸ್ಕ್ ಬೇಡ, ಬಾಯಿಗೆ ಕಚ್ಚುವ ಕೊಳವೆ ಇರಲಿ. ಮಾಸ್ಕಿನಲ್ಲಿ ಔಷಧದ ಬಹುಪಾಲು ಮುಖಕ್ಕೂ ಮೂಗಿಗೂ ಹೋಗುತ್ತದೆ. ಕಿಟಕಿ ತೆರೆದ ಕೋಣೆ, ಪಕ್ಕದಲ್ಲಿ ಮಕ್ಕಳಿರಬಾರದು.

ನೆಬ್ಯುಲೈಸರ್ ಬಟ್ಟಲನ್ನು ಪ್ರತಿ ಸಲ ಬಿಚ್ಚಿ ಸೋಪಿನ ನೀರಿನಲ್ಲಿ ತೊಳೆದು, ಕೊನೆಯ ಸಲ ಕುದಿಸಿ ಆರಿಸಿದ ನೀರಿನಲ್ಲಿ ಜಾಲಾಡಿ, ಒದರಿ, ಶುಭ್ರ ಬಟ್ಟೆಯ ಮೇಲೆ ಪೂರ್ತಿ ಒಣಗಿಸಬೇಕು. ದಿನಕ್ಕೊಮ್ಮೆ ಐದು ನಿಮಿಷ ಕುದಿಸಬೇಕು, ತಯಾರಕರು ಕುದಿಸಬಹುದು ಎಂದಿದ್ದರೆ. ಒಣಗಿಸುವುದೇ ಮುಖ್ಯ. ಹಸಿ ಬಟ್ಟಲನ್ನು ಪ್ಲಾಸ್ಟಿಕ್ ಡಬ್ಬಿಯಲ್ಲಿ ಮುಚ್ಚಿಟ್ಟರೆ ಕೊಲ್ಲಲು ಹೊರಟ ಬ್ಯಾಕ್ಟೀರಿಯಾವನ್ನೇ ಸಾಕಿದಂತೆ.

ಕಫ ಹೊರಗೆ ಬರಬೇಕು

ಔಷಧ ಕಫದ ಕೆಳಗೆ ಇಳಿಯಬೇಕಾದರೆ ಕಫ ಮೊದಲು ಜಾಗ ಬಿಡಬೇಕು. ಇವರಿಗೆ ಹಿಂದಿನ ಆಸ್ಪತ್ರೆ ವಾಸದಲ್ಲಿ ಮೂರು ಚೆಂಡಿನ ಊದುವ ಯಂತ್ರ ಕೊಟ್ಟಿದ್ದರು. ನಿಜಕ್ಕೂ ಅದು ಊದುವುದಲ್ಲ, ಎಳೆಯುವುದು. ಶಸ್ತ್ರಚಿಕಿತ್ಸೆಯ ನಂತರ ಶ್ವಾಸಕೋಶ ಅರಳಿಸಲು ಇರುವಂಥದ್ದು. ಕಫ ತೆಗೆಯಲು ಅದರಿಂದ ಹೆಚ್ಚು ಪ್ರಯೋಜನವಿಲ್ಲ.

ಕಲಿಸಿದ್ದು ಉಸಿರಾಟದ ಆವರ್ತ ಕ್ರಮ. ಅರ್ಧ ನಿಮಿಷ ಸಹಜ ಉಸಿರು, ಹೊಟ್ಟೆಯಿಂದ. ಆಮೇಲೆ ಮೂರು ನಾಲ್ಕು ಆಳದ ಉಸಿರು, ಪ್ರತಿಯೊಂದನ್ನೂ ಮೂರು ಸೆಕೆಂಡು ಹಿಡಿದು ಬಿಡುವುದು. ಹಿಡಿದಾಗ ಪಕ್ಕದ ದಾರಿಗಳಿಂದ ಗಾಳಿ ಕಫದ ಹಿಂದಕ್ಕೆ ಸೇರುತ್ತದೆ. ಮತ್ತೆ ಸಹಜ ಉಸಿರು. ಕೊನೆಗೆ ಗಂಟಲು ತೆರೆದಿಟ್ಟು ಕನ್ನಡಿಗೆ ಆವಿ ಹಿಡಿಸುವಂತೆ ‘ಹಾ’ ಎಂದು ಒಂದೆರಡು ಸಲ ದಬ್ಬುವುದು. ಕಫ ಮೇಲೆ ಬಂದ ಮೇಲಷ್ಟೇ ಕೆಮ್ಮು. ಇದನ್ನೇ 15-20 ನಿಮಿಷ, ಊಟಕ್ಕೆ ಮೊದಲು. ಎಡ ಕೆಳಹಾಲೆಗಾಗಿ ಬಲ ಮಗ್ಗುಲಾಗಿ ಮಲಗಿ ಸೊಂಟದ ಕೆಳಗೆ ಎರಡು ದಿಂಬು. ಎದೆಯುರಿ ಇರುವವರಿಗೆ ತಲೆ ತಗ್ಗಿಸುವ ಭಂಗಿ ಬೇಡ.

ಪುಸ್ತಕದ ಪ್ರಕಾರ ಕ್ರಮ ಹೀಗೆ: ಸಾಲ್ಬುಟಮಾಲ್, 15 ನಿಮಿಷ ಬಿಟ್ಟು 3 ಶೇಕಡಾ ಉಪ್ಪುನೀರು 4 ಮಿ.ಲೀ. ನೆಬ್ಯುಲೈಸರ್‌ನಲ್ಲಿ, ಆಮೇಲೆ ಉಸಿರಾಟದ ಕ್ರಮ, ಕೊನೆಗೆ ಕೊಲಿಸ್ಟಿನ್. ಕಫದಲ್ಲಿ ರಕ್ತವಿರುವ ದಿನಗಳಲ್ಲಿ ಉಪ್ಪುನೀರು ಬೇಡ. ಇದೆಲ್ಲ ಸೇರಿ ಒಂದು ಗಂಟೆ, ದಿನಕ್ಕೆರಡು ಸಲ. ಬೆಳಿಗ್ಗೆ ಆರಕ್ಕೆ ಗಿರಣಿಗೆ ಹೋಗುವ ಹಮಾಲನಿಗೆ ಅದು ಆಗದ ಮಾತು, ಆಗದ್ದನ್ನು ಬರೆದುಕೊಟ್ಟರೆ ಮೂರನೇ ದಿನಕ್ಕೆ ಎಲ್ಲವೂ ನಿಲ್ಲುತ್ತದೆ. ಉಪ್ಪುನೀರು ಸಂಜೆಗೆ ಮಾತ್ರ, ಬೆಳಿಗ್ಗೆ ಹತ್ತು ನಿಮಿಷ ಉಸಿರಾಟದ ಕ್ರಮ ಮತ್ತು ಕೊಲಿಸ್ಟಿನ್ ಎಂದು ಇಳಿಸಲಾಯಿತು. ಗಿರಣಿಯಲ್ಲಿ ಹೊಟ್ಟಿನ ಧೂಳು ಹಾರುವ ಕಡೆಯಿಂದ ಚೀಲ ತೂಗುವ ಕಡೆಗೆ ಕೆಲಸ ಬದಲಾಯಿತು. ಧೂಳು ಪೂರ್ತಿ ತಪ್ಪಲಿಲ್ಲ.

ಊಟಕ್ಕೆ ದಿನಕ್ಕೆರಡು ಮೊಟ್ಟೆ, ಶೇಂಗಾ, ಕಾಳು ಸೇರಿಸಿದರು. ಫ್ಲೂ ಲಸಿಕೆ ವರ್ಷಕ್ಕೊಮ್ಮೆ, ನ್ಯುಮೊಕಾಕಸ್ ಲಸಿಕೆ. ಇವೆರಡೂ ಸ್ಯೂಡೊಮೊನಾಸ್ ತಡೆಯುವುದಿಲ್ಲ, ಉಲ್ಬಣಕ್ಕೆ ಬಾಗಿಲು ತೆರೆಯುವ ಬೇರೆ ಸೋಂಕುಗಳನ್ನು ತಡೆಯುತ್ತವೆ.

ಮತ್ತೆ ಬಂದಾಗ

ಮೊದಲ ಮತ್ತು ಎರಡನೇ ತಿಂಗಳ ಕಲ್ಚರ್‌ನಲ್ಲಿ ಏನೂ ಬೆಳೆಯಲಿಲ್ಲ. ಮೂರು ತಿಂಗಳು ಮುಗಿದು ಕೊಲಿಸ್ಟಿನ್ ನಿಂತಿತು. ಐದನೇ ತಿಂಗಳ ಮಾದರಿಯಲ್ಲಿ ಸ್ಯೂಡೊಮೊನಾಸ್ ವಾಪಸ್ಸು, ಈ ಸಲ ಸಿಪ್ರೊಫ್ಲಾಕ್ಸಸಿನ್‌ಗೆ ಮಣಿಯದು. ರೋಗಿ ಆರಾಮಾಗಿದ್ದರು, ಕಫ 30 ಮಿ.ಲೀ. ಆದ್ದರಿಂದ ಇಂಜೆಕ್ಷನ್ ಕೊಡಲಿಲ್ಲ. ರೋಗಿ ಸ್ಥಿರವಾಗಿರುವಾಗ ಬರಿಯ ರಿಪೋರ್ಟಿಗೆ ಚಿಕಿತ್ಸೆ ಕೊಡುವುದು ಉಳಿದ ಔಷಧಗಳನ್ನೂ ಸುಟ್ಟಂತೆ. ಎಂಟನೇ ತಿಂಗಳಲ್ಲೂ ಅದೇ ಬೆಳೆಯಿತು. ಮೂರು ತಿಂಗಳ ಅಂತರದಲ್ಲಿ ಎರಡು ಸಲ ಸಿಕ್ಕ ಮೇಲೆ ಅದು ಅತಿಥಿಯಲ್ಲ, ಬಾಡಿಗೆದಾರ.

ಅದೇ ತಿಂಗಳು ಒಂದು ಉಲ್ಬಣ, ಮತ್ತೆ 14 ದಿನ ಸೆಫ್ಟಾಜಿಡಿಮ್. ಈಗ ಪ್ರಶ್ನೆ: ದೀರ್ಘಕಾಲದ ತಡೆಗೆ ಯಾವುದು? ಅಜಿಥ್ರೊಮೈಸಿನ್ ವಾರಕ್ಕೆ ಮೂರು ದಿನ ಕೊಟ್ಟರೆ ಉಲ್ಬಣ ಕಡಿಮೆಯಾಗುತ್ತದೆ ಎಂಬುದಕ್ಕೆ 2012ರ ನ್ಯೂಜಿಲೆಂಡ್ ಪ್ರಯೋಗದಿಂದ ಹಿಡಿದು ಒಳ್ಳೆಯ ಪುರಾವೆಯಿದೆ, ಅಗ್ಗ, ಸುಲಭ. ಶುರು ಮಾಡುವ ಮೊದಲು ಟಿಬಿಯ ದಾಯಾದಿಗಳಿಲ್ಲ ಎಂದು ಕಲ್ಚರ್, ಇಸಿಜಿ, ಯಕೃತ್ತಿನ ಪರೀಕ್ಷೆ, ಕಿವಿಯ ಪರೀಕ್ಷೆ ಆಗಬೇಕು. ಆ ದಾಯಾದಿಗಳಿದ್ದಾಗ ಅಜಿಥ್ರೊಮೈಸಿನ್ ಒಂದನ್ನೇ ಕೊಟ್ಟರೆ ಅವುಗಳ ಮುಖ್ಯ ಔಷಧವೇ ಕೆಡುತ್ತದೆ. ಇವರಲ್ಲಿ ಮೊದಲ ಮೂರು ಸರಿ. ಆಡಿಯೊಗ್ರಾಂನಲ್ಲಿ ಮೇಲಿನ ಸ್ವರಗಳು ಎರಡೂ ಕಿವಿಗೆ ಇಲ್ಲ, 2014ರ ಅನಗತ್ಯ ಚುಚ್ಚುಮದ್ದುಗಳ ಬಾಕಿ. ಅಜಿಥ್ರೊಮೈಸಿನ್ ಉಳಿದ ಕಿವಿಯನ್ನೂ ಕೆಡಿಸಬಹುದು. ನೆಲೆಯೂರಿದ ಸ್ಯೂಡೊಮೊನಾಸ್‌ಗೆ ನೆಬ್ಯುಲೈಸರ್ ಆಂಟಿಬಯೋಟಿಕ್ ಹೇಗೂ ಮೊದಲ ಆಯ್ಕೆ. ಕೊಲಿಸ್ಟಿನ್ ಮತ್ತೆ ಶುರು, ಈ ಸಲ ಕೊನೆಯ ದಿನಾಂಕವಿಲ್ಲದೆ, ಆರು ತಿಂಗಳಿಗೊಮ್ಮೆ ಬೇಕೇ ಬೇಡವೇ ಎಂದು ನೋಡುವ ಷರತ್ತಿನಲ್ಲಿ. ಕೆಟ್ಟ ಹಾಲೆ ಕತ್ತರಿಸಿ ತೆಗೆಯುವ ಮಾತು ಬಂತು. ಬಲಭಾಗವೂ ಹಾಳಾಗಿರುವಾಗ, ಎಫ್‌ಇವಿ1 ಇಷ್ಟೇ ಇರುವಾಗ ಅದು ಆಗದು.

ವರ್ಷದ ಕೊನೆಗೆ ಲೆಕ್ಕ: ಉಲ್ಬಣ ನಾಲ್ಕರಿಂದ ಒಂದಕ್ಕೆ, ತೂಕ 48 ಕೆ.ಜಿ., ಎಫ್‌ಇವಿ1 1.21 ಲೀಟರ್, ದಿನದ ಕಫ 25 ಮಿ.ಲೀ. ಕಲ್ಚರ್‌ನಲ್ಲಿ ಸ್ಯೂಡೊಮೊನಾಸ್ ಇನ್ನೂ ಇದೆ. ಬೀಡಿ ಎರಡು ಸಲ ಮರುಕಳಿಸಿ ನಿಂತಿದೆ.

ಊರಿನ ವೈದ್ಯರಿಗೆ ತೋರಿಸಲು ಒಂದು ಹಾಳೆ ಬರೆದುಕೊಟ್ಟಿದ್ದಾರೆ. ಮೊದಲ ಸಾಲು: ಇದು ಸಿಒಪಿಡಿ ಅಲ್ಲ, ಟಿಬಿ ನಂತರದ ಬ್ರಾಂಕಿಯೆಕ್ಟಾಸಿಸ್, ಎಕ್ಸ್‌ರೇಯಲ್ಲಿ ಬಲ ಮೇಲಿನ ಕಲೆ ಹಳೆಯದು. ಎರಡನೆಯದು: ಕೆಮ್ಮು, ಕಫದ ಪ್ರಮಾಣ, ಕಫದ ಬಣ್ಣ, ದಮ್ಮು, ಸುಸ್ತು, ರಕ್ತ ಇವುಗಳಲ್ಲಿ ಮೂರು 48 ಗಂಟೆ ಹೆಚ್ಚಿದ್ದರೆ ಉಲ್ಬಣ, ಮೊದಲು ಕಫ ಕಲ್ಚರ್‌ಗೆ. ಮೂರನೆಯದು: ಅಮಾಕ್ಸಿಕ್ಲಾವ್, ಸೆಫಿಕ್ಸಿಮ್, ಸೆಫ್ಟ್ರಿಯಾಕ್ಸೋನ್ ಕೆಲಸ ಮಾಡವು; ಥಿಯೋಫಿಲಿನ್, ಅಮಿಕಾಸಿನ್, ಸ್ಟ್ರೆಪ್ಟೊಮೈಸಿನ್ ಕೊಡಬೇಡಿ. ನಾಲ್ಕನೆಯದು: ಅರ್ಧ ಲೋಟಕ್ಕಿಂತ ಹೆಚ್ಚು ರಕ್ತ ಬಂದರೆ ತಡಮಾಡದೆ ರಕ್ತನಾಳ ಮುಚ್ಚುವ ಸೌಲಭ್ಯವಿರುವ ದೊಡ್ಡ ಆಸ್ಪತ್ರೆಗೆ. ‘ಮನೆಯಲ್ಲಿ ಇಟ್ಟುಕೊಂಡು ಶುರು ಮಾಡಬಹುದಾದ ಮಾತ್ರೆ’ ಎಂಬ ಜಾಗದಲ್ಲಿ ಮೊದಲ ಹಾಳೆಯಲ್ಲಿ ಸಿಪ್ರೊಫ್ಲಾಕ್ಸಸಿನ್ 750 ಇತ್ತು. ಐದನೇ ತಿಂಗಳ ಕಲ್ಚರ್ ನಂತರ ಅದನ್ನು ಹೊಡೆದುಹಾಕಿ, ‘ಯಾವುದೂ ಇಲ್ಲ, ಇಂಜೆಕ್ಷನ್‌ಗೆ ಬರಬೇಕು’ ಎಂದು ಬರೆಯಲಾಗಿದೆ.